ಚೆಲವಿನ ಊಟಕ್ಕೆ ಲೆಕ್ಕ ಇಡುವುದು ಹೇಗೆ?

‘ಚೆಲವು’ ಅಂದರೆ ಏನೆಂದು ನಮ್ಮ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮದ್ರಸದ ಉಸ್ತಾದರಿಗೆ ದಿನಕ್ಕೊಂದು ಮನೆಯವರು ಸರದಿಯಂತೆ ಊಟ ಕೊಡುವ ಏರ್ಪಾಡು ಅದು. ನಾವು ಇಪ್ಪತ್ತು ವರ್ಷದಿಂದ ಹೀಗೆ ಉಂಡು ಬದುಕಿದವರು. ಸ್ವಂತ ಮನೆಯ ಊಟ ಏನಿದ್ದರೂ ರಜೆಗೆ ಊರಿಗೆ ಹೋದಾಗ ಮಾತ್ರ. ಇಂಥ ನಮಗೆ ಡಾಕ್ಟರೊಬ್ಬರು ಒಂದು ದಿನ, “ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಕ್ಕೆ 1,800 ಕ್ಯಾಲೊರಿ ದಾಟಬೇಡಿ, ತಿಂದದ್ದನ್ನೆಲ್ಲ ಬರೆದಿಡಿ” ಅಂದುಬಿಟ್ಟರು. ಬೇಯಿಸುವವರು ಬೇರೆಯವರು, ತಿನ್ನುವವರು ನಾವು. ಏನಂತ ಬರೆಯುವುದು?

ಆಗ ನಾವು ಕರಾವಳಿಯಲ್ಲಿರಲಿಲ್ಲ. ಮಕ್ಕಳಿಗೆ ಓದಿಸಲೆಂದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಸಿರಸಂಗಿಗೆ ಹೋಗಿದ್ದೆವು. ತನ್ನ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟುಹೋದ ತ್ಯಾಗವೀರ ಲಿಂಗರಾಜ ದೇಸಾಯಿಯವರ ಊರು ಅದು. ಕೊಡುವ ಕೈ ಅಲ್ಲಿನ ಸಾಮಾನ್ಯ ಮನೆಗಳಲ್ಲೂ ಇದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಝುಣಕ, ಮೇಲೆ ಮಜ್ಜಿಗೆ. “ಇನ್ನೊಂದ್ ರೊಟ್ಟಿ ತಗೋರಿ ಹಜರತ್, ಏನೂ ಉಂಡೇ ಇಲ್ರಿ ನೀವು” ಎಂಬ ಒತ್ತಾಯ ಬೇರೆ.

ಕ್ಯಾಲೊರಿ ಎಂದರೆ ಆಹಾರದಿಂದ ದೇಹಕ್ಕೆ ಸಿಗುವ ಶಕ್ತಿಯ ಅಳತೆ. ಒಂದು ಗ್ರಾಂ ಸಕ್ಕರೆ, ಪಿಷ್ಟ ಅಥವಾ ಪ್ರೋಟೀನಿನಲ್ಲಿ ಸುಮಾರು 4 ಕ್ಯಾಲೊರಿ. ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಲ್ಲಿ ಸುಮಾರು 9. ಲೆಕ್ಕದ ಗುಟ್ಟೆಲ್ಲ ಈ ಎರಡು ಅಂಕಿಗಳಲ್ಲಿದೆ. ಆದರೆ ಮೊದಲ ತಿಂಗಳು ನಮಗೆ ಇದು ತಲೆಗೆ ಹತ್ತಲಿಲ್ಲ. ಕಣ್ಣಿಗೆ ಕಾಣುವ ರೊಟ್ಟಿಯನ್ನು ಮಾತ್ರ ಎಣಿಸಿದೆವು. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲೊರಿ. ಮೂರು ತಿನ್ನುತ್ತಿದ್ದವರು ಎರಡಕ್ಕೆ ಇಳಿದೆವು. ಪಲ್ಯಕ್ಕೆ ಅಂದಾಜಿನಲ್ಲಿ ಐವತ್ತು ಅಂತ ಬರೆದೆವು, ಚಟ್ನಿಪುಡಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತಿಂಗಳ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇದ್ದಲ್ಲೇ ಇತ್ತು.

ಇಂಥ ತಪ್ಪು ನಮಗೊಬ್ಬರಿಗೇ ಆದದ್ದಲ್ಲ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಆ ಜನ ತಾವು ನಿಜಕ್ಕೂ ತಿಂದದ್ದರಲ್ಲಿ ಸರಾಸರಿ ಶೇ. 47ರಷ್ಟನ್ನು ಲೆಕ್ಕದಿಂದ ಬಿಟ್ಟಿದ್ದರು. ಸುಳ್ಳು ಹೇಳಬೇಕೆಂದಲ್ಲ, ಬಾಯಿಗೆ ಹೋದದ್ದು ನೆನಪಿಗೆ ಬರುವುದಿಲ್ಲ ಅಷ್ಟೆ. ಬೇರೆಯವರು ಬೇಯಿಸಿದ್ದಾದರೆ ನೆನಪಿಟ್ಟರೂ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ.

ಒಂದು ದಿನ ಧೈರ್ಯ ಮಾಡಿ ಒಬ್ಬ ತಾಯಿಯನ್ನು ಕೇಳಿದೆವು, ಎಣ್ಣೆಗಾಯಿಗೆ ಎಣ್ಣೆ ಎಷ್ಟು ಹಾಕುತ್ತೀರಿ ಅಂತ. “ಒಂದ್ ಸೌಟು ರೀ” ಅಂದರು. ಸೌಟು ನೋಡಿದರೆ ನಾಲ್ಕು ದೊಡ್ಡ ಚಮಚದಷ್ಟು ಹಿಡಿಯುವಂಥದ್ದು. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ, ಸೌಟಿಗೆ 480. ಐದು ಜನರಿಗೆ ಹಂಚಿದರೆ ತಲಾ ನೂರರ ಹತ್ತಿರ. ಆದರೆ ಅತಿಥಿಗೆ ಸಮಪಾಲು ಬರುವುದಿಲ್ಲ! ಮೇಲೆ ತೇಲುವ ಎಣ್ಣೆ ಪ್ರೀತಿಯಿಂದ ಅತಿಥಿಯ ಬಟ್ಟಲಿಗೇ ಬೀಳುತ್ತದೆ. ಎರಡು ಚಮಚ ಶೇಂಗಾ ಪುಡಿಗೆ ನೂರರಷ್ಟು, ಅದರ ಮೇಲೆ ಸುರಿದ ಹಸಿ ಎಣ್ಣೆಗೆ ಮತ್ತೆ 120. ನಾವು ಬಿಟ್ಟ ಒಂದು ರೊಟ್ಟಿಗಿಂತ ಇದೇ ಹೆಚ್ಚಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿ ಊಟಕ್ಕೆ ಎಣ್ಣೆ-ತುಪ್ಪ ದಿನಕ್ಕೆ 27 ಗ್ರಾಂ. ಅಂದರೆ ಎರಡು ದೊಡ್ಡ ಚಮಚ. ನಮ್ಮದು ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು.

ಕರಾವಳಿಯ ನಮ್ಮ ಅಡುಗೆಯಲ್ಲೂ ಕಥೆ ಇದೇ, ಹೆಸರು ಬೇರೆ. ಬೆಂದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ, ತಟ್ಟೆ ತುಂಬ ಬಡಿಸಿದರೆ 500. ಸಾರಿಗೆ ಅರೆದ ಹಸಿ ತೆಂಗಿನಕಾಯಿ 100 ಗ್ರಾಂಗೆ 350. ಬಿರಿಯಾನಿಯ ತುಪ್ಪ, ಎಣ್ಣೆಯಲ್ಲಿ ಕರಿದ ನೈಪತ್ತಿರ್, ಪ್ರತಿ ಮನೆಯ ಚಹಾದಲ್ಲಿ ಎರಡು ಚಮಚ ಸಕ್ಕರೆ. ಚಮಚಕ್ಕೆ 20ರಂತೆ ದಿನಕ್ಕೆ ಐದು ಚಹಾ ಕುಡಿದರೆ ಹಾಲು ಬಿಟ್ಟು 200 ಕ್ಯಾಲೊರಿ.

ಆ ಮೇಲೆ ನಾವು ಬೇರೆ ಥರ ಲೆಕ್ಕ ಇಟ್ಟೆವು. ಚೆಲವಿನ ಮನೆಗಳು ತಿರುತಿರುಗಿ ಬರುತ್ತವೆ, ಒಬ್ಬೊಬ್ಬರ ಕೈ ಒಂದೊಂದು ರೀತಿ ಇದ್ದರೂ ಆ ಕೈ ಬದಲಾಗುವುದಿಲ್ಲ. ಒಂದು ಸುತ್ತು ಮುಗಿಯುವುದರೊಳಗೆ ಪ್ರತಿ ಮನೆಗೆ ಪುಸ್ತಕದಲ್ಲಿ ಒಂದು ಸಾಲು ಬಂತು: ರೊಟ್ಟಿ ದಪ್ಪವೋ ತೆಳುವೋ, ಎಣ್ಣೆ ಸೌಟೋ ಚಮಚವೋ. ಎರಡನೇ ಸುತ್ತಿನಲ್ಲಿ ಯಾರನ್ನೂ ಕೇಳಬೇಕಾಗಲಿಲ್ಲ. ಗೊತ್ತಾಗದ ಕಡೆ ಅಂದಾಜಿಗೆ ಕಾಲುಭಾಗ ಕೂಡಿಸಿ ಬರೆದೆವು, ಕಳೆಯಲಿಲ್ಲ. ಪಲ್ಯದ ಹೋಳು ತೆಗೆದುಕೊಂಡು ಎಣ್ಣೆ ಬಟ್ಟಲಲ್ಲೇ ಬಿಡುವುದನ್ನು ಕಲಿತೆವು. ಪೂರಾ ಸರಿಯಾದ ಅಂಕಿ ಸಿಕ್ಕಲಿಲ್ಲ, ಆದರೆ ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು, ಅಲ್‌ಹಮ್ದುಲಿಲ್ಲಾಹ್.

ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿಬಿಟ್ಟು ಹೇಳುವುದು. ಊಟವನ್ನು ಹಳಿಯಬಾರದು, ಇಷ್ಟವಾದರೆ ಉಣ್ಣುವುದು, ಇಲ್ಲದಿದ್ದರೆ ಬಿಡುವುದು ಪ್ರವಾದಿಯವರ (ಸ) ರೀತಿ ಎಂದು ಮಕ್ಕಳಿಗೆ ಕಲಿಸುವವರು ನಾವು. ಎಣ್ಣೆ ಕಡಿಮೆ ಮಾಡಿ ಎಂದರೆ ಹಳಿದಂತಾಗುತ್ತದೆ ಎಂದು ಹೆದರಿದ್ದೆವು. ಬಿಡಲಿಕ್ಕೂ ಅನುಮತಿ ಅದರಲ್ಲೇ ಇದೆ ಎಂಬುದು ತಡವಾಗಿ ಹೊಳೆಯಿತು.

ನಮ್ಮ ಪರಿಚಯದ ಉಸ್ತಾದರೊಬ್ಬರಿಗೆ ಅದು ಹೊಳೆಯಲೇ ಇಲ್ಲ. ಮನೆಯವರು ಬೇಸರಪಟ್ಟುಕೊಳ್ಳುತ್ತಾರೆ ಎಂದು ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟು, ಬಡಿಸಿದ್ದನ್ನೆಲ್ಲ ಉಂಡರು. ಕಾಲಿನ ಎರಡು ಬೆರಳು ತೆಗೆದ ಮೇಲೆಯೇ ಜಮಾಅತಿಗೆ ವಿಷಯ ತಿಳಿದದ್ದು. ಅವರಿಗೆ ಊಟ ಹಾಕುತ್ತಿದ್ದ ತಾಯಂದಿರು ಅತ್ತರು. “ಒಂದು ಮಾತು ಹೇಳಿದ್ದರೆ ಬೇರೆ ಬೇಯಿಸುತ್ತಿದ್ದೆವಲ್ಲ” ಅಂದರು. ಪ್ರೀತಿಯಿಂದ ಬಡಿಸಿದ್ದೇ ಹಾನಿ ಮಾಡಿತಲ್ಲ ಎಂಬ ನೋವು ಅವರಿಗೆ ಇಂದಿಗೂ ಇದೆ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳುತ್ತದೆ. ನಿಮ್ಮ ಮನೆಯ ಬುತ್ತಿ ಉಣ್ಣುವವರಲ್ಲಿ ಒಬ್ಬರಿಗಾದರೂ ಅದು ಇರಬಹುದು. ಉಸ್ತಾದರೇ ಆಗಬೇಕೆಂದಿಲ್ಲ, ಮಗನ ಮನೆಯಲ್ಲಿ ಉಣ್ಣುವ ತಂದೆ, ಹಾಸ್ಟೆಲಿನ ಹುಡುಗ, ಗಲ್ಫಿನ ಮೆಸ್ಸಿನಲ್ಲಿರುವ ತಮ್ಮ, ಎಲ್ಲರೂ ಬೇರೆಯವರ ಕೈಯಡುಗೆ ಉಣ್ಣುವವರೇ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೂ ಅಪಾಯ. ಸಕ್ಕರೆ ಇಳಿದು ಕೈ ನಡುಗಿ ಬೆವರುತ್ತದೆ. ಅಂಥವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಬೇಕು. ಡಾಕ್ಟರರನ್ನು ಕೇಳದೆ ಊಟ ಬಿಡಬಾರದು.

ಸಿರಸಂಗಿಯ ಆ ತಾಯಿಗೆ ನಾವು ಕಾಯಿಲೆಯ ಸಂಗತಿ ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. ಮರುವಾರದಿಂದ ನಮ್ಮ ಪಾಲಿನ ಪಲ್ಯವನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟರು. ಅಷ್ಟೇ ಸಾಕಿತ್ತು. ಇನ್ನು ಮುಂದೆ ನೀವು ಮಕ್ಕಳ ಕೈಯಲ್ಲಿ ಉಸ್ತಾದರಿಗೆ ಬುತ್ತಿ ಕಳಿಸುವಾಗ, ಅವರಿಗೆ ಯಾವುದು ಆಗುವುದಿಲ್ಲ ಎಂದು ಒಂದು ಮಾತು ಕೇಳಿ ಬರಲು ಹೇಳಿ. ಉಸ್ತಾದರಾಗಿ ತಾವಾಗಿಯೇ ಬಾಯಿಬಿಡುವುದು ಅವರಿಗೆ ಕಷ್ಟ.