ಹಡಗಿನಲ್ಲಿ ಸಂಸಾರಕ್ಕೆ ತಕ್ಕ ಕೊಠಡಿ

ಸಮುದ್ರವನ್ನು ದಾಟಿ ಬಂದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವೊಂದಿತ್ತು. ಈಗಲಾದರೋ ಅಜ್ಜಿಯನ್ನೂ ಎಳೆಯ ಮಕ್ಕಳನ್ನೂ ಕರೆದುಕೊಂಡು ಕೇವಲ ವಿನೋದಕ್ಕಾಗಿಯೇ ಹಡಗನ್ನೇರುವ ಗೃಹಸ್ಥರನ್ನು ನಮ್ಮ ನಾಡಿನಲ್ಲಿಯೂ ಕಾಣುತ್ತಿದ್ದೇವೆ. 2021ರಲ್ಲಿ ಮುಂಬಯಿಯಿಂದ ‘ಎಂಪ್ರೆಸ್’ ಎಂಬ ಹಡಗು ಗೋವೆ, ಲಕ್ಷದ್ವೀಪಗಳ ಕಡೆಗೆ ಪ್ರವಾಸಿಗಳನ್ನು ಕರೆದೊಯ್ಯಲಾರಂಭಿಸಿತು. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮೂರು ನಾಲ್ಕು ರಾತ್ರಿಗಳ ನೌಕಾವಿಹಾರವನ್ನು ಮುಗಿಸಿ ಬರುವ ಕುಟುಂಬಗಳೂ ಉಂಟು. ಹೊರಡುವ ಮುನ್ನ ಇವರು ಊಟದ ವಿಚಾರವನ್ನೂ ಬಂದರುಗಳ ವಿಚಾರವನ್ನೂ ಬಹು ಸೂಕ್ಷ್ಮವಾಗಿ ಕೇಳಿ ತಿಳಿಯುತ್ತಾರೆ. ಮಲಗುವ ಕೊಠಡಿಯನ್ನು ಮಾತ್ರ ಏಜೆಂಟರ ಇಷ್ಟಕ್ಕೆ ಬಿಟ್ಟುಬಿಡುತ್ತಾರೆ. ಒಂದು ರಾತ್ರಿಯ ರೈಲುಪ್ರಯಾಣಕ್ಕಾದರೆ ಯಾವ ಬರ್ತು ಸಿಕ್ಕಿದರೂ ಕಳೆದುಹೋದೀತು. ಹಡಗಿನಲ್ಲಿ ಹಾಗಲ್ಲ. ಒಮ್ಮೆ ಲಂಗರು ಎತ್ತಿದ ಮೇಲೆ, ಕೊಠಡಿಗಳೆಲ್ಲ ತುಂಬಿದ್ದರೆ, ಬೇರೊಂದು ಕೊಠಡಿಯನ್ನು ಕೊಡುವುದು ಯಾರಿಂದಲೂ ಸಾಧ್ಯವಾಗದು. ಮಕ್ಕಳ ನಿದ್ರೆ, ಹಿರಿಯರ ಆರೋಗ್ಯ, ಅಪಾಯದ ಹೊತ್ತಿನಲ್ಲಿ ಎಲ್ಲರೂ ಒಂದೆಡೆ ಸೇರುವ ಅನುಕೂಲ, ಇವೆಲ್ಲವೂ ಆ ಆಯ್ಕೆಯನ್ನೇ ಅವಲಂಬಿಸಿರುವುದರಿಂದ ಈ ವಿಷಯವನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬಯಸುತ್ತೇವೆ.

ಹಡಗಿನ ಕೊಠಡಿಗಳು ಮುಖ್ಯವಾಗಿ ನಾಲ್ಕು ಬಗೆ. ಕಿಟಕಿಯೇ ಇಲ್ಲದ ಒಳಕೊಠಡಿ, ತೆರೆಯಲಾಗದ ಗಾಜಿನ ಕಿಟಕಿಯಿಂದ ಸಮುದ್ರವು ಕಾಣುವ ಹೊರಕೊಠಡಿ, ಸಣ್ಣ ಬಾಲ್ಕನಿಯುಳ್ಳದ್ದು, ಎಲ್ಲಕ್ಕೂ ಮೇಲೆ, ಹಣವುಳ್ಳವರಿಗಾಗಿ, ಸೂಟು. ಒಳಕೊಠಡಿಯೆಂದೊಡನೆ ಅನೇಕರು ಮೂಗು ಮುರಿಯುತ್ತಾರೆ. ಆದರೆ ಅದರ ಕಗ್ಗತ್ತಲೆಯಲ್ಲಿ ಮಕ್ಕಳು ಬೆಳಗಿನ ಎಂಟು ಗಂಟೆಯವರೆಗೆ ಅಲುಗಾಡದೆ ಮಲಗುವರೆಂಬುದನ್ನು ಬಲ್ಲ ತಾಯಂದಿರು ಅದನ್ನು ಹಳಿಯಲಾರರು. ಕತ್ತಲೆಗೆ ಹೆದರುವ ಮಗುವಿದ್ದರೆ ಬ್ಯಾಟರಿಯ ಚಿಕ್ಕ ದೀಪವೊಂದು ಸಾಕು. ಕಿಟಕಿಯಿಲ್ಲದ ಕೊರತೆಯನ್ನು ನೀಗಲು ಹಡಗು ಕಟ್ಟುವವರೂ ಯತ್ನಿಸಿದ್ದಾರೆ. 1999ರಲ್ಲಿ ಸಂಚಾರಕ್ಕೆ ಬಂದ ‘ವಾಯೇಜರ್ ಆಫ್ ದಿ ಸೀಸ್’ ಹಡಗಿನಲ್ಲಿ ಕೆಲವು ಒಳಕೊಠಡಿಗಳ ಕಿಟಕಿಗಳು ಹಡಗಿನೊಳಗಣ ಅಂಗಡಿಬೀದಿಗೆ ತೆರೆದುಕೊಂಡಿದ್ದುವು; 2011ರ ‘ಡಿಸ್ನಿ ಡ್ರೀಮ್’ ಹಡಗಿನ ಒಳಕೊಠಡಿಗಳಲ್ಲಿ, ಹೊರಗಿನ ಕ್ಯಾಮೆರಾ ಕಾಣುವ ಸಮುದ್ರವನ್ನು ಗೋಡೆಯ ಮೇಲಣ ದುಂಡು ಪರದೆಯಲ್ಲಿ ಆಗಿಂದಾಗಲೇ ತೋರಿಸುವ ಏರ್ಪಾಡನ್ನು ಮಾಡಿದರು. ಮಕ್ಕಳಿಗೆ ಇದೊಂದು ದೊಡ್ಡ ಮೋಜು.

ಬಾಲ್ಕನಿಯ ಬಗ್ಗೆ ನಮ್ಮ ಅಭಿಪ್ರಾಯವು ಮಕ್ಕಳ ವಯಸ್ಸನ್ನು ಅನುಸರಿಸಿ ಬದಲಾಗುತ್ತದೆ. ಮಧ್ಯಾಹ್ನ ಎರಡು ಗಂಟೆ ನಿದ್ರಿಸುವ ಕೂಸು ಇರುವ ಮನೆಯನ್ನು ನೋಡಿ. ಕೂಸನ್ನು ಒಂಟಿಯಾಗಿ ಬಿಟ್ಟುಹೋಗುವಂತಿಲ್ಲ. ತಂದೆ ತಾಯಿಗಳಲ್ಲೊಬ್ಬರು ಕಾಯಲೇಬೇಕು. ಒಳಕೊಠಡಿಯಲ್ಲಾದರೆ ಆ ಎರಡು ಗಂಟೆಯೂ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿರಬೇಕು. ಬಾಲ್ಕನಿಯಿದ್ದರೆ ಗಾಜಿನ ಬಾಗಿಲನ್ನೆಳೆದು ಹೊರಗೆ ಕುಳಿತು, ಒಳಗಿನ ಕೂಸಿನ ಮೇಲೆ ಕಣ್ಣಿಟ್ಟು, ಪುಸ್ತಕವನ್ನೋದಬಹುದು, ಸಮುದ್ರವನ್ನು ನೋಡಬಹುದು. ಕೂಸಿರುವವರಿಗೆ ಬಾಲ್ಕನಿಯ ನಿಜವಾದ ಪ್ರಯೋಜನ ಇದೇ ಹೊರತು ಸೂರ್ಯೋದಯದ ಸೊಬಗಲ್ಲ.

ಆದರೆ ಕೂಸು ನಡೆಯಲು, ಹತ್ತಲು ಕಲಿತೊಡನೆ ಅದೇ ಬಾಲ್ಕನಿ ಭಯದ ಸ್ಥಳವಾಗುತ್ತದೆ. ಅಮೆರಿಕ ದೇಶದವರು 2010ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಅಲ್ಲಿನ ಬಂದರುಗಳಲ್ಲಿ ಪ್ರಯಾಣಿಕರನ್ನು ಹತ್ತಿಸುವ ಇಂತಹ ಹಡಗುಗಳ ಕಟಕಟೆಯು 42 ಅಂಗುಲಕ್ಕೆ ಕಡಿಮೆಯಿರಕೂಡದು. ನಿಂತಿರುವ ಚಿಕ್ಕ ಮಗುವಿಗೆ ಆ ಎತ್ತರವು ಧಾರಾಳವೇ. ಕುರ್ಚಿಯನ್ನೇರಿದ ಮಗುವಿಗೆ ಸಾಲದು. ಬಾಲ್ಕನಿಯಲ್ಲಿ ಎರಡು ಕುರ್ಚಿಗಳೂ ಒಂದು ಮೇಜೂ ಇದ್ದೇ ಇರುತ್ತವೆ. ಮಕ್ಕಳು ಚಿಕ್ಕವರಾಗಿದ್ದರೆ ಅವುಗಳನ್ನು ಒಳಗೆ ತೆಗೆದಿರಿಸುವಂತೆ ಕೊಠಡಿಯ ಪರಿಚಾರಕನಿಗೆ ಮೊದಲ ದಿನವೇ ಹೇಳತಕ್ಕದ್ದು. ಬಾಗಿಲಿನ ಅಗುಳಿಯು ಮಗುವಿನ ಕೈಗೆಟುಕದಷ್ಟು ಮೇಲಿದೆಯೇ ಎಂಬುದನ್ನು ಪೆಟ್ಟಿಗೆ ಬಿಚ್ಚುವುದಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ಎರಡರಿಂದ ಐದು ವರ್ಷದ ತುಂಟ ಮಕ್ಕಳಿರುವವರು ಬಾಲ್ಕನಿಯ ಆಸೆಯನ್ನು ಬಿಟ್ಟು ಗಾಜಿನ ಕಿಟಕಿಯ ಕೊಠಡಿಯಲ್ಲಿ ತೃಪ್ತರಾಗುವುದು ಲೇಸೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ರಾತ್ರಿ ತಾಯಿ ನಿದ್ರಿಸಬೇಕಷ್ಟೆ.

ಇನ್ನು ಒಂದೇ ಕೊಠಡಿಯಲ್ಲಿ ನಾಲ್ವರು ಮಲಗುವ ಪ್ರಶ್ನೆ. ದರಪಟ್ಟಿಯಲ್ಲಿ ‘ನಾಲ್ವರಿಗೆ’ ಎಂದಿದ್ದ ಮಾತ್ರಕ್ಕೆ ನಾಲ್ಕು ಮಂಚಗಳನ್ನು ಊಹಿಸಿಕೊಳ್ಳಬಾರದು. ‘ಡಿಸ್ನಿ ಡ್ರೀಮ್’ ಹಡಗಿನ ಸಾಮಾನ್ಯ ಒಳಕೊಠಡಿಯ ವಿಸ್ತೀರ್ಣ 169 ಚದರಡಿ. ನಮ್ಮ ಮನೆಗಳ ಒಂದು ಮಲಗುವ ಕೋಣೆಯಷ್ಟು, ಅದರೊಳಗೇ ಬಚ್ಚಲು, ಬಟ್ಟೆಯ ಬೀರು ಎಲ್ಲವೂ. 1990ರಲ್ಲಿ ಕಟ್ಟಿದ ‘ಎಂಪ್ರೆಸ್’ನಂತಹ ಹಳೆಯ ಹಡಗುಗಳ ಕೊಠಡಿಗಳು ಇದಕ್ಕಿಂತಲೂ ಕಿರಿದು. ಇಬ್ಬರಿಗೆ ನೆಲದ ಮೇಲಣ ಮಂಚಗಳು. ಮೂರನೆಯವರಿಗೆ ರಾತ್ರಿ ಹಾಸಿಗೆಯಾಗುವ ಸೋಫಾ. ನಾಲ್ಕನೆಯವರಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಸಿ ಏಣಿಯಿಂದ ಹತ್ತುವ ಮೇಲುಮಂಚ. ಈ ಎರಡನ್ನೂ ಬಿಡಿಸಿದ ಮೇಲೆ ಕೊಠಡಿಯಲ್ಲಿ ನಡೆಯಲು ಉಳಿಯುವ ದಾರಿ ಒಂದು ಗೇಣೆಂದರೂ ತಪ್ಪಿಲ್ಲ. ಮೇಲುಮಂಚವು ಆರು ವರ್ಷಕ್ಕೆ ಕೆಳಗಿನವರಿಗೆ ತಕ್ಕುದಲ್ಲ. ಆದುದರಿಂದ ನಾಲ್ಕು ಮತ್ತು ಎರಡು ವರ್ಷದ ಇಬ್ಬರು ಮಕ್ಕಳಿದ್ದರೆ ಮೇಲೆ ಮಲಗುವವರು ತಂದೆಯೇ ಆಗುವರು! ಹಾಸಿಗೆಗಳು ಯಾವುವು, ಎಲ್ಲಿಂದ ಇಳಿಯುತ್ತವೆ, ದೊಡ್ಡವರ ಮಂಚಕ್ಕೂ ಸೋಫಾಕ್ಕೂ ನಡುವೆ ತೆರೆಯುಂಟೋ ಇಲ್ಲವೋ, ಇಷ್ಟನ್ನು ಹಣ ಕಟ್ಟುವ ಮುನ್ನ ಕೇಳಬೇಕು. ತೆರೆಯೊಂದಿದ್ದರೆ ಮಕ್ಕಳು ಮಲಗಿದ ಮೇಲೆ ದೊಡ್ಡವರು ದೀಪ ಹಚ್ಚಿಕೊಂಡು ನಾಲ್ಕು ಮಾತನಾಡಬಹುದು. ಇಲ್ಲದಿದ್ದರೆ ಎಂಟೂವರೆಗೆ ಇಡೀ ಸಂಸಾರಕ್ಕೇ ರಾತ್ರಿ.

ಎರಡು ಕೊಠಡಿಗಳನ್ನು ಹಿಡಿಯುವುದು ಶ್ರೀಮಂತರ ಮಾತೆಂದು ಕೆಲವರು ತಿಳಿದಿರುವರು. ಲೆಕ್ಕ ಹಾಕಿ ನೋಡಿದರೆ ಯಾವಾಗಲೂ ಹಾಗಲ್ಲ. ಹಡಗಿನ ದರವು ಸಾಮಾನ್ಯವಾಗಿ ಒಂದು ಕೊಠಡಿಗೆ ಇಬ್ಬರೆಂದು ಎಣಿಸಿದ್ದು; ಮೊದಲಿಬ್ಬರಿಗೆ ಪೂರ್ಣ ದರ, ಮೂರನೆಯ ನಾಲ್ಕನೆಯವರಿಗೆ ಬಹುಮಟ್ಟಿಗೆ ಕಡಿಮೆ. ಉದಾಹರಣೆಗಾಗಿ ಒಳಕೊಠಡಿಯಲ್ಲಿ ತಲೆಗೆ 100, ಬಾಲ್ಕನಿಯದರಲ್ಲಿ ತಲೆಗೆ 160, ಮೂರನೆಯ ನಾಲ್ಕನೆಯವರಿಗೆ ಅದರರ್ಧ ಎಂದಿಟ್ಟುಕೊಳ್ಳೋಣ. ನಾಲ್ವರೂ ಒಂದೇ ಒಳಕೊಠಡಿಯಲ್ಲಿದ್ದರೆ 300. ಬಾಲ್ಕನಿಯ ಒಂದೇ ಕೊಠಡಿಯಲ್ಲಿದ್ದರೆ 480. ಎರಡು ಒಳಕೊಠಡಿಗಳನ್ನು ಹಿಡಿದರೆ 400. ಅಂದರೆ ಒಂದು ಬಾಲ್ಕನಿಯ ಬೆಲೆಗಿಂತ ಕಡಿಮೆಯಲ್ಲಿ ಎರಡು ಕೊಠಡಿ, ಎರಡು ಬೀರು, ಎಲ್ಲಕ್ಕೂ ಮಿಗಿಲಾಗಿ ಎರಡು ಬಚ್ಚಲು! ಋತುವನ್ನೂ ಹಡಗನ್ನೂ ಅನುಸರಿಸಿ ಈ ಪ್ರಮಾಣವು ಏರಿಳಿಯುವುದು. ಶಾಲೆಯ ರಜೆಯಲ್ಲಿ ಒಂದು, ಬೇರೆ ದಿನಗಳಲ್ಲಿ ಇನ್ನೊಂದು. ಆದಕಾರಣ ಮೂರು ಬಗೆಯ ಲೆಕ್ಕವನ್ನೂ ಬರೆದು ಕೊಡುವಂತೆ ಏಜೆಂಟರನ್ನು ಕೇಳಬೇಕು. ಬಂದರಿನ ಸುಂಕವೂ ಪರಿಚಾರಕರ ಇನಾಮೂ ಸಾಮಾನ್ಯವಾಗಿ ತಲೆಯೆಣಿಕೆಯವಾದುದರಿಂದ ಕೊಠಡಿ ಒಂದಾದರೂ ಎರಡಾದರೂ ಅವುಗಳಲ್ಲಿ ಹೆಚ್ಚು ಭೇದವಿಲ್ಲ.

ಎರಡು ಕೊಠಡಿಗಳೆಂದರೆ ನಡುಗೋಡೆಯಲ್ಲಿ ಬಾಗಿಲುಳ್ಳವುಗಳೇ ಆಗಬೇಕು. ‘ಪಕ್ಕಪಕ್ಕದ ಕೊಠಡಿ’ ಎಂದರೆ ಬಾಗಿಲಿದೆಯೆಂದರ್ಥವಲ್ಲ. ಈ ಎರಡು ಮಾತುಗಳನ್ನು ಒಂದೆಂದು ಬಗೆದು ಮೋಸಹೋಗುವವರು ಬಹಳ. ಅಗ್ಗದ ಟಿಕೀಟುಗಳಲ್ಲಿ ಕೊಠಡಿಯ ಸಂಖ್ಯೆಯನ್ನು ಕಂಪೆನಿಯವರೇ ಕಡೆಗೆ ಗೊತ್ತುಮಾಡುವ ಪದ್ಧತಿಯೊಂದುಂಟು. ಒಂಟಿ ಪ್ರಯಾಣಿಕರಿಗೆ ಅದು ಲಾಭಕರವೇ ಇರಬಹುದು. ಮಕ್ಕಳೊಂದಿಗರು ಅದರ ಹತ್ತಿರ ಸುಳಿಯಲೇಬಾರದು. ಒಂದು ಕೊಠಡಿ ಆರನೆಯ ಅಂತಸ್ತಿನಲ್ಲಿಯೂ ಮತ್ತೊಂದು ಒಂಬತ್ತನೆಯದರಲ್ಲಿಯೂ ಬಂದರೆ ಕೇಳುವವರಿಲ್ಲ. ಪ್ರತಿಯೊಂದು ಕೊಠಡಿಯಲ್ಲಿಯೂ ಪ್ರಾಪ್ತವಯಸ್ಕರೊಬ್ಬರ ಹೆಸರಿರಬೇಕೆಂಬುದು ಹಲವು ಕಂಪೆನಿಗಳ ನಿಯಮ. ಅಮೆರಿಕದ ಕಂಪೆನಿಗಳಲ್ಲಿ ಆ ವಯಸ್ಸು ಬಹುಮಟ್ಟಿಗೆ 21. ಆದ್ದರಿಂದ ಕಾಗದದಲ್ಲಿ ತಂದೆಯೂ ಒಂದು ಮಗುವೂ ಒಂದರಲ್ಲಿ, ತಾಯಿಯೂ ಇನ್ನೊಂದು ಮಗುವೂ ಮತ್ತೊಂದರಲ್ಲಿ ಎಂದಿದ್ದು, ಹಡಗನ್ನೇರಿದ ಮೇಲೆ ನಡುಬಾಗಿಲನ್ನು ತೆರೆದುಕೊಳ್ಳುವುದು ವಾಡಿಕೆ.

ಹಡಗಿನಲ್ಲಿ ಖಾಲಿ ಕೊಠಡಿಗಳಿದ್ದರೂ ‘ನಾಲ್ವರಿಗೆ ಕೊಡಲಾಗದು, ಇಬ್ಬರಿಗಾದರೆ ಕೊಡುತ್ತೇವೆ’ ಎಂದು ಕಂಪೆನಿಯವರು ಹೇಳುವುದುಂಟು. ಇದನ್ನು ಲಾಭಕೋರತನವೆಂದು ಕೋಪಿಸಿಕೊಳ್ಳುವವರು ಅದರ ಕಾರಣವನ್ನು ತಿಳಿಯಬೇಕು. 1912ರ ಏಪ್ರಿಲಿನಲ್ಲಿ ‘ಟೈಟಾನಿಕ್’ ಮುಳುಗಿದಾಗ ಅದರಲ್ಲಿದ್ದವರು ಸುಮಾರು 2,200 ಮಂದಿ. ರಕ್ಷಣೆಯ ದೋಣಿಗಳಲ್ಲಿದ್ದ ಸ್ಥಳ 1,178 ಮಂದಿಗೆ. ಆ ಅನರ್ಥದಿಂದ ಎಚ್ಚೆತ್ತ ರಾಷ್ಟ್ರಗಳು 1914ರಲ್ಲಿ ಲಂಡನ್ನಿನಲ್ಲಿ ಸೇರಿ ಸಮುದ್ರದಲ್ಲಿ ಪ್ರಾಣರಕ್ಷಣೆಯ ಒಪ್ಪಂದವನ್ನು ಮಾಡಿಕೊಂಡುವು. ಹಡಗಿನಲ್ಲಿರುವ ಪ್ರತಿಯೊಂದು ಜೀವಕ್ಕೂ ರಕ್ಷಣೆಯ ಸ್ಥಳವಿರಬೇಕೆಂಬುದು ಅಂದಿನಿಂದ ಬೆಳೆದುಬಂದ ನಿಯಮ. ಪ್ರತಿಯೊಂದು ಕೊಠಡಿಗೂ ಅಪಾಯಕಾಲದಲ್ಲಿ ಸೇರಬೇಕಾದ ಒಂದು ಠಾಣೆ ಗೊತ್ತಾಗಿರುತ್ತದೆ. ಆ ಠಾಣೆಯ ಎಣಿಕೆ ತುಂಬಿದರೆ ಹಾಸಿಗೆ ಖಾಲಿಯಿದ್ದರೂ ಇನ್ನೊಬ್ಬ ಮಗುವನ್ನು ಸೇರಿಸಲಾಗದು. ಮೂವರು ನಾಲ್ವರ ಕೊಠಡಿಗಳು ಮೊದಲೇ ಕಡಿಮೆ. ಅವು ಬೇಗ ಮುಗಿದುಹೋಗುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಸಂಸಾರದವರು ಹಲವು ತಿಂಗಳು ಮುಂಚೆಯೇ ಗೊತ್ತುಮಾಡಿಕೊಳ್ಳತಕ್ಕದ್ದು.

ಅಪಾಯದ ಅಭ್ಯಾಸವನ್ನು ಹಡಗು ಹೊರಡುವುದಕ್ಕೆ ಮುಂಚೆಯೋ ಹೊರಟೊಡನೆಯೋ ನಡೆಸಬೇಕೆಂಬ ಕಟ್ಟಳೆ 2015ರ ಜನವರಿ 1ರಿಂದ ಜಾರಿಗೆ ಬಂದಿದೆ. 2012ರಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕನ್ಕಾರ್ಡಿಯಾ’ ಮಗುಚಿ 32 ಮಂದಿ ಸತ್ತಾಗ, ಹೊಸದಾಗಿ ಹತ್ತಿದ ಹಲವರಿಗೆ ಆ ಅಭ್ಯಾಸ ಆಗಿಯೇ ಇರಲಿಲ್ಲ. ಮಕ್ಕಳನ್ನು ಆಟದ ಮನೆಯಲ್ಲಿ ಬಿಡುವಾಗ ಅವರ ಠಾಣೆಯ ಸಂಖ್ಯೆಯುಳ್ಳ ಪಟ್ಟಿಯನ್ನು ಕೈಗೆ ಕಟ್ಟುವ ರೂಢಿ ಅನೇಕ ಹಡಗುಗಳಲ್ಲಿದೆ. ತಾಯಿತಂದೆಗಳ ಕೊಠಡಿಯದೂ ಮಕ್ಕಳ ಕೊಠಡಿಯದೂ ಒಂದೇ ಠಾಣೆಯೋ ಎಂಬುದನ್ನು ಹತ್ತಿದ ದಿನವೇ ನೋಡಿ, ಬೇರೆಯಾಗಿದ್ದರೆ ಒಡನೆಯೇ ಹೇಳಿ ಸರಿಪಡಿಸಿಕೊಳ್ಳಬೇಕು.

ಸ್ಥಳದ ವಿಷಯಕ್ಕೆ ಬರೋಣ. ಏತದ ಮರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ: ತುದಿಗಳು ಮೇಲಕ್ಕೂ ಕೆಳಕ್ಕೂ ಹೋಗುತ್ತಿರುವಾಗ ನಡುಭಾಗವು ಬಹುಮಟ್ಟಿಗೆ ನಿಂತಲ್ಲೇ ಇರುತ್ತದೆ. ಹಡಗೂ ಹಾಗೆಯೇ. ನಡುಭಾಗದ, ಕೆಳಗಿನ ಅಂತಸ್ತಿನ ಕೊಠಡಿಗಳು ಕಡಿಮೆ ತೂಗುತ್ತವೆ. ಮೂತಿಯ ಕಡೆಯವೂ ತೀರ ಮೇಲಿನವೂ ಹೆಚ್ಚು. ವಾಂತಿ, ತಲೆಸುತ್ತಿನ ಹೆದರಿಕೆಯುಳ್ಳವರು ಬಾಲ್ಕನಿಗೆ ಕೊಡುವ ಹಣವನ್ನು ನಡುಭಾಗಕ್ಕೆ ಕೊಡಲಿ. ಮುಂಭಾಗದಲ್ಲಿ ಬೆಳಗಿನ ಜಾವ ಲಂಗರಿನ ಸರಪಣಿಯ ಸದ್ದು ಬೇರೆ. ನಕ್ಷೆಯನ್ನು ಹರಡಿ, ತಮ್ಮ ಕೊಠಡಿಯ ನೆತ್ತಿಯ ಮೇಲೂ ಕಾಲಡಿಯಲ್ಲೂ ಏನಿದೆಯೆಂದು ನೋಡಬೇಕು. ಮೇಲೂ ಕೆಳಗೂ ಬರೀ ಕೊಠಡಿಗಳಿದ್ದರೆ ನೆಮ್ಮದಿ. ಮೇಲೆ ಈಜುಕೊಳದ ಅಂಗಳವಿದ್ದರೆ ನಸುಕಿನಲ್ಲಿ ಕುರ್ಚಿಗಳನ್ನೆಳೆಯುವ ಶಬ್ದ, ಕೆಳಗೆ ನಾಟಕಶಾಲೆಯಿದ್ದರೆ ನಡುರಾತ್ರಿಯವರೆಗೆ ನಗಾರಿ. ಎಡಬಲಗಳ ಭೇದವನ್ನು ಹವಾನಿಯಂತ್ರಣವು ಅಳಿಸಿದೆ. ಹಿಂದೆ ಮುಂಬಯಿಗೂ ಇಂಗ್ಲೆಂಡಿಗೂ ಹೋಗಿಬರುತ್ತಿದ್ದ ದೊರೆಗಳು ಬಿಸಿಲು ತಗಲದ ಪಕ್ಕದ ಕೊಠಡಿಗಾಗಿ ಹಣ ತೆರುತ್ತಿದ್ದರೆಂದೂ, ‘ಪಾಶ್’ ಎಂಬ ಇಂಗ್ಲಿಷ್ ಶಬ್ದ ಅದರಿಂದಲೇ ಹುಟ್ಟಿತೆಂದೂ ಒಂದು ಕಥೆಯುಂಟು. ಕಥೆ ಸೊಗಸಾಗಿದೆ, ಆಧಾರವಿಲ್ಲ.

ಅಜ್ಜಿಯ ಮಾತನ್ನು ಹೇಳದೆ ನಮ್ಮ ಮನೆಗಳ ಪ್ರವಾಸದ ಮಾತು ಮುಗಿಯದು. ‘ನೀವಿಬ್ಬರೂ ಹೋಗಿಬನ್ನಿ, ಮಗುವಿನ ಹತ್ತಿರ ನಾನಿರುತ್ತೇನೆ’ ಎಂದು ಆಕೆ ತಾನಾಗಿಯೇ ಹೇಳುವಳು. ಮೂರು ರಾತ್ರಿಯೂ ಹೇಳುವಳು. ಮೊಮ್ಮಕ್ಕಳೊಡನೆ ಒಂದೇ ಕೊಠಡಿಯಲ್ಲಿ ಸೋಫಾದ ಮೇಲೆ ಮಲಗಿಸಿದರೆ ಆಕೆ ಕಂಡದ್ದು ಸಮುದ್ರವಲ್ಲ, ನಾಲ್ಕು ಗೋಡೆ. ಆಕೆಗೇ ಒಂದು ಕೊಠಡಿಯನ್ನು ಹಿಡಿದರೆ, ಒಬ್ಬರೇ ಆದರೂ ಹೆಚ್ಚುಕಡಿಮೆ ಇಬ್ಬರ ದರವನ್ನು ಕೊಡಬೇಕಾಗಿ ಬರುವುದು. ಅದಕ್ಕೆ ಬದಲು ಹಿರಿಯ ಮೊಮ್ಮಗಳನ್ನು ಆಕೆಯ ಜೊತೆಗೆ ಸೇರಿಸಿ, ನೆಲದ ಮಂಚಗಳೆರಡುಳ್ಳ ಕೊಠಡಿಯೊಂದನ್ನು ಲಿಫ್ಟಿಗೆ ಹತ್ತಿರವಾಗಿ ಹಿಡಿಯುವುದು ಉತ್ತಮ. ಎಷ್ಟೋ ಹಡಗುಗಳ ಉದ್ದ ಸಾವಿರ ಅಡಿಗೆ ಮೀರಿರುವಾಗ ಮಂಡಿನೋವಿನ ಹಿರಿಯರಿಗೆ ಊಟದ ಮನೆಯೇ ಒಂದು ಯಾತ್ರೆ. ಬಚ್ಚಲ ಹೊಸ್ತಿಲು ಎತ್ತರವಾಗಿರುವುದುಂಟು. ಹಿಡಿದುಕೊಳ್ಳಲು ಕಂಬಿಯಿದೆಯೇ ಎಂದು ಕೇಳಿ.

ಬಚ್ಚಲುಗಳಲ್ಲಿ ಸಾಮಾನ್ಯವಾಗಿ ಇರುವುದು ಇಕ್ಕಟ್ಟಾದ ಷವರು ಮಾತ್ರ. ಕೂಸನ್ನು ಕೂರಿಸಿ ಮೀಯಿಸಲು ತೊಟ್ಟಿ ಬೇಕಾದವರು ಅದನ್ನು ಹೆಸರು ಹೇಳಿಯೇ ಕೇಳಬೇಕು. ಸ್ನಾನಕ್ಕೊಂದು, ಶೌಚಕ್ಕೊಂದು ಎಂದು ಎರಡು ಪುಟ್ಟ ಕೋಣೆಗಳನ್ನು ಬೇರೆ ಮಾಡಿದ ಏರ್ಪಾಡು 1998ರ ‘ಡಿಸ್ನಿ ಮ್ಯಾಜಿಕ್’ ಹಡಗಿನ ಬಹುಪಾಲು ಕೊಠಡಿಗಳಲ್ಲಿ ಬಂದಿತು. ನಾಲ್ವರು ಒಟ್ಟಿಗೆ ಊಟಕ್ಕೆ ಸಿದ್ಧರಾಗುವ ಸಂಜೆಯಲ್ಲಿ ಅದರ ಬೆಲೆ ತಿಳಿಯುತ್ತದೆ. ಹಸುಗೂಸುಗಳಿಗೆ ಆರು ತಿಂಗಳಾದರೂ ತುಂಬಿರಬೇಕೆಂಬುದು ಬಹು ಕಂಪೆನಿಗಳ ನಿಯಮ; ಹಲವು ದಿನ ದಡ ಕಾಣದ ದೀರ್ಘ ಯಾನಗಳಿಗೆ ಒಂದು ವರ್ಷ. ತೊಟ್ಟಿಲಿನಂತಹ ಮಂಚವನ್ನು ಹಡಗಿನವರು ಒದಗಿಸುವರಾದರೂ ಅವು ಎಣಿಕೆಯವಾದುದರಿಂದ ಮುಂಚಿತವಾಗಿ ಬರೆದು ತಿಳಿಸಬೇಕು. ಅದನ್ನಿಡಲು ನೆಲವಿದೆಯೋ ಎಂಬುದನ್ನೂ ಕೇಳಬೇಕು.

ಹಾಲು ಬಿಸಿಮಾಡುವ ವಿದ್ಯುತ್ ಕೆಟಲು, ಇಸ್ತ್ರಿಪೆಟ್ಟಿಗೆ, ದೇವರ ಮುಂದೆ ಹಚ್ಚುವ ದೀಪ, ಇವನ್ನು ಬೆಂಕಿಯ ಭಯದಿಂದ ಅನೇಕ ಹಡಗುಗಳಲ್ಲಿ ಕೊಠಡಿಗೆ ಬಿಡುವುದಿಲ್ಲ. ಬಿಸಿನೀರನ್ನು ಪರಿಚಾರಕನೇ ತಂದುಕೊಡುವನು. ಕೊಠಡಿಯ ಗೋಡೆಗಳು ಬಹುತೇಕ ಲೋಹದವಾದುದರಿಂದ ಅಯಸ್ಕಾಂತದ ಕೊಕ್ಕೆಗಳು ಚೆನ್ನಾಗಿ ಅಂಟಿಕೊಳ್ಳುತ್ತವೆ. ನಾಲ್ಕಾರು ಕೊಕ್ಕೆಗಳನ್ನು ಒಯ್ದರೆ ಒದ್ದೆಯ ಬಟ್ಟೆ, ಟೋಪಿ, ಮಕ್ಕಳ ಚೀಲ ಎಲ್ಲವೂ ನೆಲಬಿಟ್ಟು ಮೇಲೇರುವುವು. ಖಾಲಿ ಪೆಟ್ಟಿಗೆಗಳು ಮಂಚದ ಕೆಳಗೆ ಹೋಗುವುವು.