ಮಳೆನೆರಳಿನ ಲೋಮಂಥಾಂಗ್
ನೇಪಾಳದ ಮುಸ್ತಾಂಗ್ ಜಿಲ್ಲೆಯಲ್ಲಿ ಟಿಬೆಟ್ ಗಡಿಗೆ ತಾಗಿರುವ ಲೋಮಂಥಾಂಗ್ ಒಂದು ಗಾಂವ್‌ಪಾಲಿಕೆ, ಅಂದರೆ 2017ರ ಆಡಳಿತ ಮರುರಚನೆಯಲ್ಲಿ ರೂಪುಗೊಂಡ ಗ್ರಾಮೀಣ ಸ್ಥಳೀಯ ಸಂಸ್ಥೆ. ಸುಮಾರು 3,800 ಮೀಟರ್ ಎತ್ತರದ ಈ ಸೀಮೆ ಹಿಮಾಲಯದ ಮಡಿಲಲ್ಲಿದ್ದೂ ಶೀತ ಮರುಭೂಮಿಯಾಗಿರುವುದಕ್ಕೆ ಕಾರಣ ಮಳೆನೆರಳು: ಮುಂಗಾರು ಮೋಡಗಳನ್ನು ದಕ್ಷಿಣದ ಅನ್ನಪೂರ್ಣ ಮತ್ತು ಧವಳಗಿರಿ ಶ್ರೇಣಿಗಳು ತಡೆದು ತಮ್ಮ ಇಳಿಜಾರಿನಲ್ಲೇ ಸುರಿಸಿಕೊಳ್ಳುವುದರಿಂದ ಅವುಗಳ ಬೆನ್ನ ಹಿಂದಿನ ನೆಲಕ್ಕೆ ಒಣಗಾಳಿಯಷ್ಟೇ ಉಳಿಯುತ್ತದೆ. ಇಲ್ಲಿನ ಬಾರ್ಲಿ ಹೊಲಗಳು ಮಳೆಗಿಂತ ಹೆಚ್ಚಾಗಿ ಹಿಮ ಕರಗಿದ ನೀರು ಹರಿಯುವ ಕಾಲುವೆಗಳನ್ನು ನಂಬಿವೆ. ಆ ನೀರು ಕ್ಷೀಣಿಸಿದ್ದರಿಂದ ಸಾಮ್‌ಝೋಂಗ್ ಎಂಬ ಊರು, ಶತಮಾನಗಳ ನೆಲೆಯನ್ನೇ ಬಿಟ್ಟು, ಬೇರೆಡೆಗೆ ಸ್ಥಳಾಂತರಗೊಳ್ಳಬೇಕಾಯಿತು. ವಿಚಿತ್ರವೆಂದರೆ, ಇಷ್ಟು ಒಣಗಿದ ಈ ಭೂಭಾಗವು ಕೋಟ್ಯಂತರ ವರ್ಷಗಳ ಹಿಂದೆ ಟೆಥಿಸ್ ಸಮುದ್ರದ ತಳವಾಗಿತ್ತು. ಆ ಕಾಲದ ಅಮೋನೈಟ್ ಎಂಬ ಚಿಪ್ಪುಜೀವಿಗಳ ಪಳೆಯುಳಿಕೆಗಳೇ ಕಾಳಿಗಂಡಕಿ ನದಿಯ ಪಾತ್ರದಲ್ಲಿ ದೊರೆತು, ಕರ್ನಾಟಕದ ಮಠಮನೆಗಳಲ್ಲಿಯೂ ಸಾಲಿಗ್ರಾಮವೆಂದು ಪೂಜೆಗೊಳ್ಳುತ್ತವೆ.