ಬಾಸೆಲ್‌ನವರು ಹೋದ ಮೇಲೆ

1914ರ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಹೊತ್ತಿಕೊಂಡ ಯುದ್ಧದ ಝಳ ಮಂಗಳೂರಿನ ಬಲ್ಮಠದ ಗುಡ್ಡಕ್ಕೆ ತಟ್ಟಲು ಹೆಚ್ಚು ಕಾಲ ಬೇಕಾಗಲಿಲ್ಲ. ಎಂಬತ್ತು ವರ್ಷಗಳಿಂದ ಕನ್ನಡ, ತುಳು ಕಲಿತು, ಶಾಲೆ ತೆರೆದು, ಪುಸ್ತಕ ಅಚ್ಚು ಹಾಕಿ, ಹೆಂಚು ಸುಟ್ಟು ಈ ನೆಲದಲ್ಲಿ ಬೇರು ಬಿಟ್ಟಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಶತ್ರು ದೇಶದವರಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು. ಮುಂದಿನ ಎರಡು ವರ್ಷಗಳೊಳಗೆ ಹೆಂಗಸರು, ಮಕ್ಕಳ ಸಮೇತ ಗೋಲ್ಕೊಂಡಾ ಎಂಬ ಹಡಗು ಹತ್ತಿಸಿ ಅವರನ್ನು ಊರಿಗೆ ಕಳಿಸಿದರು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು.

ಬಾಸೆಲ್ ಮಿಷನ್ನಿನ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ನನಗೆ ಕಥೆ ಶುರುವಾಗುವುದೇ ಇಲ್ಲಿಂದ. ಹಣ ಕಳಿಸುತ್ತಿದ್ದ ಕೇಂದ್ರ ದೂರವಾಯಿತು, ಪ್ರಸಂಗ ಮಾಡುತ್ತಿದ್ದ ದೊರೆಗಳು ಹೋದರು, ಅನ್ನ ಕೊಡುತ್ತಿದ್ದ ಕಾರ್ಖಾನೆಯ ಒಡೆತನ ಬದಲಾಯಿತು. ಆದರೂ ಮೂಲ್ಕಿಯಲ್ಲಿ, ಉಡುಪಿಯಲ್ಲಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಭಾನುವಾರದ ಆರಾಧನೆ ನಿಲ್ಲಲಿಲ್ಲ. ಊರಿನ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು, ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳುತ್ತಿದ್ದ ಹೆಂಗಸರು ಸಭೆಗಳನ್ನು ಹೊತ್ತುಕೊಂಡರು. ಹಾಗೆ ಹೊರುವ ಶಕ್ತಿ ಅವರಿಗೆ ಬಂದದ್ದು ಎಲ್ಲಿಂದ? ಮಿಷನ್ನಿನ ವರದಿಗಳಲ್ಲಿ ದೊಡ್ಡದಾಗಿ ಬರೆಸಿಕೊಂಡ ಸಂಗತಿಗಳಿಂದ ಅಲ್ಲವೆಂದೇ ನನ್ನ ನಂಬಿಕೆ. ವರದಿಗೆ ಸಿಗದೇ ಹೋದ, ಪ್ರತಿ ದಿನ ನಡೆಯುತ್ತಿದ್ದ ಸಣ್ಣ ಕೆಲಸಗಳಿಂದ ಅದು ಬಂತು.

ಮೊದಲ ಮೂವರು ಬಂದದ್ದು 1834ರ ಅಕ್ಟೋಬರ್‌ನಲ್ಲಿ: ಸಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್. ಅದರ ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾಗಿ, ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಆಳುಗಳನ್ನು ಕೊಟ್ಟದ್ದು ಬಹುಮಟ್ಟಿಗೆ ಗಡಿಯಾಚೆಗಿನ ವ್ಯುರ್ಟೆಂಬರ್ಗ್‌ನ ಹಳ್ಳಿಗಳು. ರೈತರ ಮಕ್ಕಳು, ನೇಕಾರರು, ಬಡಗಿಗಳು. ಬೆಳಿಗ್ಗೆ ಪ್ರಾರ್ಥನೆ, ಹಗಲೆಲ್ಲ ದುಡಿಮೆ, ಸಂಜೆ ಮನೆಯವರೆಲ್ಲ ಕೂತು ವೇದ ಓದುವುದು ಅವರಿಗೆ ಹುಟ್ಟಿನಿಂದ ಬಂದ ರೂಢಿ. ದೇವರ ಹೆಸರಿನಲ್ಲಿ ಮೈಮುರಿದು ದುಡಿಯುವುದನ್ನು ಅವರು ಭಕ್ತಿಗಿಂತ ಬೇರೆ ಎಂದು ತಿಳಿದಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಹರ್ಮನ್ ಮೋಗ್ಲಿಂಗ್‌ರಂಥವರು ಅವರ ನಡುವೆ ಅಪರೂಪ.

ಕ್ರೈಸ್ತರಾದವರ ಸಂಖ್ಯೆ ಬಾಸೆಲ್‌ನವರು ನಿರೀಕ್ಷಿಸಿದ ಹಾಗೆ ಬೆಳೆಯಲಿಲ್ಲ. ಬೆಳೆದಲ್ಲೆಲ್ಲ ಒಂದು ಕಷ್ಟ ಎದುರಾಯಿತು. ದೀಕ್ಷಾಸ್ನಾನ ಪಡೆದವನಿಗೆ ಮನೆ ಇಲ್ಲ, ಗೇಣಿಯ ಗದ್ದೆ ಇಲ್ಲ, ಬಾವಿಯ ನೀರೂ ಇಲ್ಲ. ಕರಾವಳಿಯಲ್ಲಿ ಸಭೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿಯ ಕೆಲಸ ಬಿಡಬೇಕೆಂದು ಮಿಷನ್ ಹೇಳಿತು. ಬಿಟ್ಟ ಮೇಲೆ ಹೊಟ್ಟೆಗೇನು? ಆ ಹೊಣೆ ಹೇಳಿದವರ ಮೇಲೆಯೇ ಬಿತ್ತು.

1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೊಡ್ಡ ಕೋಲಾಹಲಕ್ಕೆ ಕಾರಣನಾದ ತರುಣ ಆನಂದರಾವ್ ಕೌಂಡಿನ್ಯರ ಬದುಕನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ ಮೋಗ್ಲಿಂಗ್‌ರ ಶಿಷ್ಯನಾಗಿ ದೀಕ್ಷೆ ಪಡೆದು ಹರ್ಮನ್ ಎಂಬ ಹೆಸರನ್ನೂ ಇಟ್ಟುಕೊಂಡ. ಹೆಂಡತಿ ಜೊತೆಗೆ ಬರಲಿಲ್ಲ, ಬಂಧುಬಳಗ ಕಳಚಿತು. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಮಿಷನ್ನಿನ ಚರಿತ್ರೆಯಲ್ಲಿ ಆ ದೀಕ್ಷಾಸ್ನಾನದ ದಿನವೇ ದೊಡ್ಡದು. ನನಗೆ ಅವರು ದೊಡ್ಡವರಾಗಿ ಕಾಣುವುದು ಬಹಳ ವರ್ಷಗಳ ನಂತರ, ಕೊಡಗಿನ ಆನಂದಪುರದಲ್ಲಿ. ಕಾಫಿ ತೋಟಗಳ ಆ ಸೀಮೆಯಲ್ಲಿ, ಊರು ಮುಟ್ಟಿಸಿಕೊಳ್ಳದ ಹೊಲೆಯ ಕುಟುಂಬಗಳಿಂದ ಬಂದ ಕ್ರೈಸ್ತರ ನಡುವೆ ಬದುಕಿನ ಕೊನೆಯ ಭಾಗವನ್ನು ಅವರು ಕಳೆದರು. ಮಕ್ಕಳಿಗೆ ಅಕ್ಷರ ಕಲಿಸುವುದು, ಜ್ವರ ಬಂದವರನ್ನು ವಿಚಾರಿಸುವುದು, ತೋಟದ ಲೆಕ್ಕ, ಜಗಳಗಳ ಪಂಚಾಯಿತಿ. ಒಂದು ದಿನದ ಧೈರ್ಯ ದೊಡ್ಡದೇ; ಅದನ್ನು ಪ್ರತಿ ಬೆಳಿಗ್ಗೆ ಎದ್ದು ಮತ್ತೆ ತಂದುಕೊಳ್ಳುವುದು ಇನ್ನೂ ಕಷ್ಟದ್ದು. 1893ರಲ್ಲಿ ತೀರಿಕೊಳ್ಳುವವರೆಗೂ ಕೌಂಡಿನ್ಯರು ಅದನ್ನು ಮಾಡಿದರು.

ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಹುಡುಕುವಾಗ ಮಿಷನ್ ಹಲವು ಬಾರಿ ಎಡವಿತು. ಬೇಸಾಯ, ಗಡಿಯಾರದ ಕೆಲಸ, ಬಡಗಿ ಕೆಲಸ ಎಲ್ಲವನ್ನೂ ಕೈಗೆತ್ತಿಕೊಂಡು ನೋಡಿತು. ನೇಯ್ಗೆ ಹಿಡಿದು ನಿಂತಿತು. ಅದರ ಮೇಲ್ವಿಚಾರಕ ಜಾನ್ ಹಾಲರ್ ಇಲ್ಲಿನ ಬಣ್ಣಗಳಿಂದಲೇ ಖಾಕಿ ಬಟ್ಟೆ ತಯಾರಿಸಿದರೆಂಬುದು ಕರಾವಳಿಯವರು ಹೆಮ್ಮೆಯಿಂದ ಹೇಳುವ ಮಾತು. ಮುಂದೆ ಅಚ್ಚುಕೂಟ ನೋಡಿಕೊಳ್ಳುತ್ತಿದ್ದ ಗ್ಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, ಸುಟ್ಟು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮೊದಮೊದಲು ಯಂತ್ರಕ್ಕೆ ಎತ್ತುಗಳದೇ ಬಲ. ಆಮೇಲೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲೂ ಚಿಮಣಿಗಳು ಎದ್ದವು. ಊರಿನ ಉದ್ಯಮಿಗಳೂ ಇದೇ ಹಾದಿ ಹಿಡಿದರು. ಮುಳಿಹುಲ್ಲು, ಮಡಲು ಹೊದೆಸಿ ಪ್ರತಿ ಮಳೆಗಾಲಕ್ಕೂ ಹೆದರುತ್ತಿದ್ದ ಮನೆಗಳ ಮೇಲೆ ಮಂಗಳೂರು ಹೆಂಚು ಬಂತು, ಹಡಗು ಹತ್ತಿ ದೇಶಾಂತರಕ್ಕೂ ಹೋಯಿತು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಮಣ್ಣು ತುಳಿಯುವವನೂ ಮೇಸ್ತ್ರಿಯೂ ಒಟ್ಟಿಗೆ ನಿಲ್ಲುತ್ತಿದ್ದರು, ಭಾನುವಾರ ರಜೆ. ಹಿಂದೆ ಒಬ್ಬರ ನೆರಳು ಇನ್ನೊಬ್ಬರಿಗೆ ಸೋಕಬಾರದೆಂದಿದ್ದ ಜಾತಿಗಳ ಜನ ಒಂದೇ ಗೂಡಿನ ಕಾವಿನಲ್ಲಿ ಬೆವರಿದರು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೂಲಿ ಕೊಡುವವರೂ ಸಭೆಯಲ್ಲಿ ಶಿಸ್ತು ವಿಧಿಸುವವರೂ ಒಬ್ಬರೇ ಆದಾಗ ಬಡವನಿಗೆ ಬಾಯಿಬಿಡುವುದು ಕಷ್ಟ. ಭೂತಾರಾಧನೆಯನ್ನೂ ಊರಿನ ಆಚಾರಗಳನ್ನೂ ಕುರಿತು ಆ ಪಾದ್ರಿಗಳು ತಮ್ಮ ದೇಶಕ್ಕೆ ಬರೆದ ಮಾತುಗಳಲ್ಲಿ ಎಷ್ಟೋ ಇಂದು ಓದಿದರೆ ನೋವಾಗುತ್ತದೆ. ಅದನ್ನು ಮುಚ್ಚಿಡುವುದು ಯಾರಿಗೂ ಒಳಿತಲ್ಲ. ಆದರೆ ಅವರಲ್ಲೊಬ್ಬರಾದ ಮೋಗ್ಲಿಂಗರೇ ಕನ್ನಡವನ್ನು ಒಳಹೊಕ್ಕು ನೋಡಿದ ಮೇಲೆ ದಾಸರ ಪದಗಳನ್ನು, ಬಸವ ಪುರಾಣವನ್ನು, ಜೈಮಿನಿ ಭಾರತವನ್ನು ಅಚ್ಚು ಹಾಕಿಸಿದರು. 1848ರಿಂದ 1853ರ ನಡುವೆ ಹೊರಬಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆ ಅದು. ಅದಕ್ಕೂ ಮೊದಲು, 1843ರ ಜುಲೈ 1ರಂದು ಅವರು ಹೊರತಂದ ಮಂಗಳೂರ ಸಮಾಚಾರ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಆ ತಾರೀಖನ್ನು ಕನ್ನಡ ಪತ್ರಕರ್ತರು ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

ಕಿಟೆಲ್‌ರ ವಿಷಯ ಕನ್ನಡಿಗರಿಗೆ ಹೊಸದಲ್ಲ. 1853ರಲ್ಲಿ ಬಂದ ಆ ತರುಣನಿಗೆ ಭಾಷೆಯ ಮೇಲಿದ್ದ ಹಂಬಲ ಬಾಸೆಲ್‌ನ ಆಡಳಿತಕ್ಕೆ ಅಷ್ಟಾಗಿ ಹಿಡಿಸಲಿಲ್ಲ ಎಂಬುದು ಮಾತ್ರ ಕಡಿಮೆ ಜನಕ್ಕೆ ಗೊತ್ತು. ಯೇಸುವಿನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲೇ ಹಾಡಬೇಕೆಂದು 1862ರಲ್ಲಿ ಕಥಾಮಾಲೆ ಬರೆದರು. ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿದರು. ಊರ ಪಂಡಿತರ ಜೊತೆ ಕೂತು, ಕಣ್ಣು ಮಂಜಾಗುತ್ತಿದ್ದರೂ ಒಂದೊಂದೇ ಪದ ಕೂಡಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಮುಗಿಸಿದರು. ಪ್ರಸಂಗ ಪೀಠದಲ್ಲಿ ಅವರು ಹೆಚ್ಚು ಮಂದಿಯನ್ನು ಗೆದ್ದವರಲ್ಲ. ಆದರೆ ಈ ಬಗೆಯ ತಾಳ್ಮೆ ನಂಬಿಕೆಯಿಲ್ಲದವನಲ್ಲಿ ಇರಲು ಸಾಧ್ಯವೇ ಎಂದು ಆ ನಿಘಂಟನ್ನು ತೆರೆದಾಗಲೆಲ್ಲ ನನಗೆ ಅನ್ನಿಸಿದೆ.

ಈಗ 1914ಕ್ಕೆ ಮರಳೋಣ. ದೊರೆಗಳು ಹಡಗು ಹತ್ತಿದಾಗ ಸಭೆಯ ಜನರ ಕೈಯಲ್ಲಿ ಉಳಿದದ್ದು ಇಷ್ಟು: ಮನೆಯಲ್ಲೊಂದು ಕನ್ನಡ ಸತ್ಯವೇದ, ಬಾಯಿಗೆ ಬರುತ್ತಿದ್ದ ಕೀರ್ತನೆಗಳು, ಕೈಗೊಂದು ಕಸುಬು, ಓದು ಬರಹ ಬಲ್ಲ ಹೆಣ್ಣುಮಕ್ಕಳು. ಈ ಕೊನೆಯದರ ಬೆಲೆ ಆಗ ಗೊತ್ತಾಯಿತು. 1840ರ ದಶಕದಿಂದಲೂ ಪಾದ್ರಿಗಳ ಹೆಂಡಂದಿರು ಹುಡುಗಿಯರನ್ನು ಕೂಡಿಸಿಕೊಂಡು ಓದು, ಹೊಲಿಗೆ ಕಲಿಸುತ್ತಿದ್ದರು. ಹಾಗೆ ಕಲಿತವರ ಮಕ್ಕಳು, ಮೊಮ್ಮಕ್ಕಳು ಈಗ ತಾಯಂದಿರು, ಅಜ್ಜಿಯರು. ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಒಂದು ಅಧ್ಯಾಯ ಓದಿಸಿ, ಒಂದು ಹಾಡು ಹಾಡಿಸಿ, ಪ್ರಾರ್ಥನೆ ಮಾಡಿ ಊಟಕ್ಕೆ ಬಡಿಸುವ ಮನೆಗೆ ಪಾದ್ರಿ ಊರಲ್ಲಿ ಇದ್ದರೂ ಇಲ್ಲದಿದ್ದರೂ ಸಭೆ ಇದ್ದೇ ಇರುತ್ತದೆ. ಬಾಸೆಲ್‌ನ ಸ್ಥಾನದಲ್ಲಿ ಸ್ವಿಸ್ ನೆಲದ ಇನ್ನೊಂದು ಮಿಷನ್ ಕೆಲ ವರ್ಷ ಮೇಲ್ವಿಚಾರಣೆ ಮಾಡಿತು. ಆದರೆ ಅಧಿಕಾರ ಊರಿನವರ ಕೈಗೆ ಜಾರಿದ್ದು ಜಾರಿದ್ದೇ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿದಾಗ ಕರಾವಳಿಯ ಈ ಸಭೆಗಳು ಅದರಲ್ಲಿ ಸೇರಿದ್ದು ಯಾರದೋ ಮಕ್ಕಳಾಗಿ ಅಲ್ಲ, ತಮ್ಮ ಕಾಲ ಮೇಲೆ ನಿಂತವರಾಗಿ.

ಬಾಸೆಲ್‌ನವರು ಹೋದ ಮೇಲಿನ ಆ ವರ್ಷಗಳಲ್ಲೇ, 1923ರಲ್ಲಿ, ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ಉಡುಪಿಯಲ್ಲಿ ಸಣ್ಣದೊಂದು ಆಸ್ಪತ್ರೆ ತೆರೆದರು. ಗಂಡಸು ಡಾಕ್ಟರಿಗೆ ಮೈ ತೋರಿಸಲು ಒಪ್ಪದ ಹೆಂಗಸರು ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲ. ಜನ ಅದನ್ನು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ ಹುಟ್ಟಿದವರಲ್ಲಿ ಎಲ್ಲ ಜಾತಿ, ಎಲ್ಲ ಮತದವರಿದ್ದಾರೆ. ರಾತ್ರಿ ಪಾಳಿಯ ನರ್ಸ್ ಒಬ್ಬಳು ಎದ್ದು ಬಂದು ಬಾಣಂತಿಯ ತಲೆದಿಂಬು ಸರಿಮಾಡುವುದು ಯಾವ ವರದಿಗೂ ಸೇರುವುದಿಲ್ಲ. ಆಸ್ಪತ್ರೆ ನೂರು ವರ್ಷ ದಾಟಿದ್ದು ಅಂಥ ಕೆಲಸಗಳಿಂದಲೇ.

ಕಥೋಲಿಕರ ಕಡೆಯಲ್ಲೂ ಇದೇ ಬಗೆ. ಮಂಗಳೂರಿಗೆ ಬಂದ ಜೆಸ್ಯುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದಾಗ ಅವರಿಗೆ ನೆರಳಾದದ್ದು ಒಂದು ಆಲದ ಮರ. ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೆ ಆಸರೆ ಸಿದ್ಧವಾಯಿತು; ಈಗ ಅಲ್ಲಿರುವುದು ಇಡೀ ವೈದ್ಯಕೀಯ ಕಾಲೇಜು. ಕೊಂಕಣಿ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರ ಬೆಸಾಂವ್ (ಆಶೀರ್ವಾದ) ಬೇಡುವುದನ್ನು, ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಹೊಸ ಭತ್ತದ ತೆನೆ ಮನೆಗೆ ತಂದು ಹೊಸಕ್ಕಿ ಊಟ ಮಾಡುವುದನ್ನು ನೋಡಿದವರಿಗೆ ನಂಬಿಕೆ ಎಲ್ಲಿ ಬೇರು ಬಿಡುತ್ತದೆಂದು ವಿವರಿಸಬೇಕಾಗಿಲ್ಲ.

ಇವತ್ತು ಆ ಬೇರಿಗೆ ನೀರು ಕಡಿಮೆಯಾಗುತ್ತಿದೆ ಎಂದು ಹಿರಿಯರು ಕೊರಗುತ್ತಾರೆ. ಮಕ್ಕಳು ಬೆಂಗಳೂರಲ್ಲಿ, ದುಬೈಯಲ್ಲಿ. ಸಂಜೆ ಏಳಕ್ಕೆ ಮನೆಯವರೆಲ್ಲ ಒಟ್ಟಿಗೆ ಕೂರುವುದೇ ಅಪರೂಪ. ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಈ ಕೊರಗಿನ ಹಿಂದೆಯೇ ದೊಡ್ಡ ಮೈಕಿನ, ದೊಡ್ಡ ವೇದಿಕೆಯ ಉಜ್ಜೀವನ ಕೂಟಗಳ ಆಸೆ ಬರುತ್ತದೆ. ಮೂರು ದಿನದ ಕೂಟದಲ್ಲಿ ಕಣ್ಣೀರು ಬರಬಹುದು, ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕನೆಯ ದಿನ ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸುವವಳಿಗೆ ಬಲ ಬೇಕಾಗುವುದು ಮನೆಯಲ್ಲಿ. ಈ ಸಭೆಗಳ ಚರಿತ್ರೆ ಆಕೆಯ ಪರವಾಗಿದೆ. ವಾರಕ್ಕೊಂದು ಮನೆಯಲ್ಲಿ ಸೇರಿ ಹಾಡುವ ಪ್ರಾರ್ಥನಾ ಕೂಟಗಳು, ಆರಾಧನೆ ಮುಗಿದ ಮೇಲೆ ಬರಲಾಗದವರ ಮನೆಗೆ ಹೋಗಿ ಮಾತಾಡಿಸಿ ಬರುವ ಸ್ತ್ರೀಯರ ಸಂಘದವರು, ಪರದೇಶದಿಂದ ಫೋನಿನಲ್ಲೇ ಅಜ್ಜನ ಜೊತೆ ಒಂದು ಕೀರ್ತನೆ ಓದುವ ಮೊಮ್ಮಗಳು, ಇವರೆಲ್ಲ 1914ರ ಉಪದೇಶಿಗಳ ವಂಶದವರೇ.

ಆ ಉಪದೇಶಿಗಳ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ ಎಂಬುದೇ ನನ್ನನ್ನು ಕಾಡುವ ಸಂಗತಿ. ಪಾದ್ರಿಗಳ ಪತ್ರಗಳೂ ಫೋಟೋಗಳೂ ಬಾಸೆಲ್‌ನಲ್ಲಿ ಜೋಪಾನವಾಗಿವೆ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಹಳೆಯ ಪುಸ್ತಕ, ದಾಖಲೆಗಳಿವೆ. ಮನೆಮನೆ ಸುತ್ತಿ ಸತ್ಯವೇದ ಓದಿ ಹೇಳಿದ ಹೆಂಗಸರ ಕಥೆ ಇರುವುದು ಬೇರೆಡೆ: ಹಳೆಯ ಸತ್ಯವೇದದ ಮೊದಲ ಹಾಳೆಯಲ್ಲಿ ಶಾಯಿಯಿಂದ ಬರೆದ ಜನನ ಮರಣದ ತಾರೀಖುಗಳಲ್ಲಿ, ಅಂಚು ಸವೆದ ಗೀತೆ ಪುಸ್ತಕದಲ್ಲಿ, ತೊಂಬತ್ತು ದಾಟಿದ ಅಜ್ಜಿಯರ ನೆನಪಿನಲ್ಲಿ. ಪ್ರತಿ ಸಭೆಯ ಯುವಜನ ಸಂಘವೂ ಒಂದು ರೆಕಾರ್ಡರ್ ಹಿಡಿದು ಅವರ ಮುಂದೆ ಕೂರಬೇಕು. ಹಾಳೆಗಳ ಫೋಟೋ ತೆಗೆಯಬೇಕು, ಯಾವ ಹಾಡನ್ನು ಯಾವ ಮಟ್ಟಿನಲ್ಲಿ ಹಾಡುತ್ತಿದ್ದರೆಂದು ಹಾಡಿಸಿ ಕೇಳಬೇಕು. ಇದಕ್ಕೆ ಹಣ ಹೆಚ್ಚು ಬೇಡ. ಈ ಮಳೆಗಾಲದಲ್ಲೇ ಶುರುಮಾಡಬಹುದು.